ಕೇಂದ್ರಕ್ಕೆ ನೋಂದಣಿ ಇದ್ದ ಮಾತ್ರಕ್ಕೆ ಕುಡಿತ ಬಿಡಿಸುವ ಚಿಕಿತ್ಸೆ ಸರಿಯಿರುತ್ತದೆಯೇ?

ಮದ್ದೂರಿನಿಂದ ಪ್ರಶ್ನೆ:
ನನ್ನ ತಮ್ಮ ಎಂಟು ವರ್ಷಗಳಿಂದ ಕುಡಿಯುತ್ತಿದ್ದಾನೆ. ಈಗ ಆಲೆಮನೆಯ ಕೆಲಸವನ್ನೂ ಬಿಟ್ಟಿದ್ದಾನೆ. ಮೈಸೂರಿನ ಹೊರವಲಯದ ಕೇಂದ್ರವೊಂದರಲ್ಲಿ ವಿಚಾರಿಸಿದಾಗ, ಗೋಡೆಗೆ ತೂಗುಹಾಕಿದ್ದ ನೋಂದಣಿ ಪತ್ರವನ್ನು ತೋರಿಸಿ, ತೊಂಬತ್ತು ದಿನ ಬಿಟ್ಟುಹೋಗಿ, ಮೊದಲ ತಿಂಗಳು ಫೋನೂ ಬೇಡ, ಭೇಟಿಯೂ ಬೇಡ ಎಂದರು. ಚಿಕಿತ್ಸೆ ಏನೆಂದು ಕೇಳಿದರೆ ‘ಧ್ಯಾನ, ಶಿಸ್ತು’ ಎಂದಷ್ಟೇ ಹೇಳಿದರು. ಫಲ ಕೊಡುತ್ತದೆಂದು ಸಾಬೀತಾದ ಚಿಕಿತ್ಸೆಯನ್ನೇ ಕೊಡಬೇಕೆಂದು ಸರ್ಕಾರದ ನಿಯಮವಿಲ್ಲವೇ?

ಮೈಸೂರಿನ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ:
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿರುವುದರಿಂದ, ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರವು 65ನೇ ಕಲಮಿನಂತೆ ನೋಂದಣಿಯಾಗಲೇಬೇಕು. ಆದರೆ ಆ ಪತ್ರಕ್ಕಾಗಿ ನೋಡುವುದು ಸೌಲಭ್ಯ, ಸಿಬ್ಬಂದಿಯ ಅರ್ಹತೆ, ದಾಖಲೆಗಳನ್ನು. ಅಲ್ಲಿಂದ ಹೋದವರಲ್ಲಿ ಎಷ್ಟು ಜನ ಕುಡಿತ ಬಿಟ್ಟರೆಂಬ ಲೆಕ್ಕವನ್ನಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ. ಇನ್ನು ಫೋನು, ಭೇಟಿಗಳನ್ನು ಸಾರಾಸಗಟಾಗಿ ನಿಷೇಧಿಸುವುದು 26ನೇ ಕಲಮು ಕೊಟ್ಟಿರುವ ಸಂಪರ್ಕದ ಹಕ್ಕಿಗೆ ವಿರುದ್ಧ. ತಮ್ಮನ ಒಪ್ಪಿಗೆಯಿಲ್ಲದೆ ಸೇರಿಸುವುದಾದರೆ 89ನೇ ಕಲಮು ಅನ್ವಯಿಸುತ್ತದೆ: ಇಬ್ಬರು ತಜ್ಞರು, ಅವರಲ್ಲೊಬ್ಬರು ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವಧಿ ಗರಿಷ್ಠ 30 ದಿನ. ಅದನ್ನು ಮೀರಿ ಇರಿಸಿಕೊಳ್ಳಲು 90ನೇ ಕಲಮಿನ ಪ್ರಕ್ರಿಯೆ ಬೇರೆಯೇ ಇದೆ. ಬಾಗಿಲಲ್ಲೇ ತೊಂಬತ್ತು ದಿನ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಮಂಡ್ಯದಿಂದ:
ನಮ್ಮ ಸೋದರಮಾವನನ್ನು ಹೀಗೆಯೇ ಒಂದು ಕಡೆ ಸೇರಿಸಿದ್ದೆವು. ಮೂರನೆಯ ರಾತ್ರಿ ಕೈ ನಡುಗಿ, ಹಾಸಿಗೆಯ ಮೇಲಿಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಲು ಶುರುಮಾಡಿದರು. ಅಲ್ಲಿ ವೈದ್ಯರೇ ಇರಲಿಲ್ಲ. ಬೆಳಗ್ಗೆ ಆಸ್ಪತ್ರೆಗೆ ಒಯ್ದ ಮೇಲೆ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು, ನಂತರ ಗ್ಲೂಕೋಸ್ ಹಾಕಿದರು.

ಸಮಾಜ ಕಾರ್ಯಕರ್ತೆ:
ಮೊದಲು ಕೇಳಬೇಕಾದದ್ದು ಇದನ್ನೇ. ಬಹಳ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಫಿಟ್ಸ್, ಎರಡು ಮೂರನೆಯ ದಿನಗಳ ಸುಮಾರಿಗೆ ಇಂಥ ಸನ್ನಿ ಬರಬಹುದು, ಪ್ರಾಣಕ್ಕೇ ಅಪಾಯ. ರಾತ್ರಿ ಯಾವ ವೈದ್ಯರು ಇರುತ್ತಾರೆಂದು ಕೇಳಿ. ಆಮೇಲೆ ಮರುಕಳಿಕೆ ತಡೆಯಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧ, ಜೊತೆಗೆ ಆಪ್ತಸಮಾಲೋಚನೆ. ಗೊತ್ತಾಗದಂತೆ ಊಟದಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಮಾತ್ರೆ) ಬೆರೆಸಲು ಯಾರೇ ಹೇಳಿದರೂ ಒಪ್ಪಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೆ ಕುತ್ತು.

ಮದ್ದೂರಿನಿಂದ:
ಧನ್ಯವಾದಗಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿದೆ. ಸೋಮವಾರ ತಮ್ಮನನ್ನು ಮಂಡ್ಯದ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ಯುತ್ತೇನೆ; ಬರುತ್ತೇನೆಂದು ಅವನೇ ಒಪ್ಪಿದ್ದಾನೆ.