ಹಕ್ಕಿ ಗಣತಿಯೋ, ಹಕ್ಕಿ ಎಣಿಕೆಯೋ?

ಪಕ್ಷಿವೀಕ್ಷಕರ ಕೂಟದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು 'ಹಕ್ಕಿ ಗಣತಿ' ಎಂದೇ ಬರೆಯುತ್ತವೆ. ಕೂಟದವರ ಕರಪತ್ರಗಳಲ್ಲೂ ಅದೇ. ನನಗೇಕೋ ಈ ಪದ ಇಲ್ಲಿ ಸಲ್ಲದು ಅನಿಸುತ್ತದೆ. ಬಲ್ಲವರು ಏನೆನ್ನುತ್ತೀರಿ?

ಗಣತಿ ಎಂದೊಡನೆ ನೆನಪಾಗುವುದು ಜನಗಣತಿ, ಜಾನುವಾರು ಗಣತಿ: ಮನೆಮನೆ ಹೊಕ್ಕು ಒಂದನ್ನೂ ಬಿಡದೆ ಲೆಕ್ಕ ಹಿಡಿಯುವ ಕೆಲಸ. ಹಕ್ಕಿ ನೋಡುವವರು ಮಾಡುವುದು ಅದಲ್ಲ. ಕಾಲು ಗಂಟೆಯೋ ಅರ್ಧ ಗಂಟೆಯೋ ಒಂದು ದಾರಿಯಲ್ಲಿ ನಡೆದು ಕಂಡದ್ದು, ಕೇಳಿದ್ದು ಬರೆದುಕೊಳ್ಳುತ್ತಾರೆ. ಟುವ್ವಿ ಹಕ್ಕಿ ಪೊದೆಯೊಳಗಿಂದ ಕೂಗಿದರೂ ಸಾಕು, ಮುಖ ತೋರಿಸದೆಯೇ ಪಟ್ಟಿ ಸೇರುತ್ತದೆ. ಬೆಳ್ಳಕ್ಕಿಯ ದೊಡ್ಡ ಹಿಂಡು ತಲೆಯ ಮೇಲೆ ಹಾದರೆ ಮೊದಲ ಹತ್ತನ್ನು ಎಣಿಸಿ, ಅಂಥ ಹತ್ತುಗಳು ಎಷ್ಟಾದಾವು ಎಂದು ಕಣ್ಣಳತೆಯಲ್ಲೇ ಅಳೆದು 'ಎಂಬತ್ತು' ಎನ್ನುತ್ತಾರೆ. ಸದ್ದಿಲ್ಲದೆ ಕೂತ ಹಕ್ಕಿ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ 'ಎಣಿಕೆ' ಚೆನ್ನಾಗಿ ಒಪ್ಪುತ್ತದೆ. ಎಣಿಸು ಎಂದರೆ ಲೆಕ್ಕ ಮಾಡು ಎಂದಷ್ಟೇ ಅಲ್ಲ, ಅಂದುಕೊಳ್ಳು ಎಂದೂ ಹೌದು. 'ಹೀಗಾದೀತೆಂದು ಎಣಿಸಿರಲಿಲ್ಲ', 'ಎಣಿಕೆ ತಲೆಕೆಳಗಾಯಿತು' ಎನ್ನುತ್ತೇವಲ್ಲ! ಲೆಕ್ಕವೂ ಅಂದಾಜೂ ಒಂದೇ ಪದದೊಳಗಿವೆ.

ಅಮೆರಿಕದ ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ 1900ರ ಕ್ರಿಸ್‌ಮಸ್‌ನಲ್ಲಿ, ಪೈಪೋಟಿಗೆ ಬಿದ್ದು ಹಕ್ಕಿ ಹೊಡೆಯುವ ಬದಲು ಎಣಿಸೋಣ ಎಂದು ಕರೆಕೊಟ್ಟಾಗ ಅದನ್ನು 'ಸೆನ್ಸಸ್' ಎಂದೇ ಕರೆದಿದ್ದರು. ಕೈಜೋಡಿಸಿದವರು 27 ಮಂದಿ. ಇಂದಿಗೂ ನಡೆಯುವ ಆ ಕಾರ್ಯಕ್ರಮದ ಹೆಸರು ಈಗ 'ಕ್ರಿಸ್‌ಮಸ್ ಬರ್ಡ್ ಕೌಂಟ್'. 1987ರಲ್ಲಿ ಶುರುವಾದ ಏಷ್ಯಾದ ನೀರುಹಕ್ಕಿಗಳ ಎಣಿಕೆಯ ಹೆಸರಲ್ಲಿ ಮಾತ್ರ ಸೆನ್ಸಸ್ ಉಳಿದಿದೆ. ಬಯಲು ನೀರಿನಲ್ಲಿ ತೇಲುವ ಬಾತುಗಳನ್ನು ಒಂದೊಂದಾಗಿ ಎಣಿಸಬಹುದು, ಹಾಗಾಗಿ ಅಲ್ಲಿ ಗಣತಿ ಎಂದರೂ ನನ್ನ ತಕರಾರು ಕಡಿಮೆ.

ಉಳಿದೆಡೆ ಈ ಪದ ವನ್ಯಜೀವಿ ಸಂರಕ್ಷಣೆಯ ಹೋರಾಟಕ್ಕೇ ತಿರುಗುಬಾಣವಾಗುತ್ತದೆ. ಕೆರೆಯನ್ನೋ ಹುಲ್ಲುಗಾವಲನ್ನೋ ಉಳಿಸಿ ಎಂದು ಅಭಿಯಾನ ನಡೆಸುವವರು ಮನವಿಗೆ 'ಗಣತಿ ವರದಿ' ಲಗತ್ತಿಸಿದರು ಎನ್ನಿ. ಎದುರಿನವರು ಅದನ್ನೇ ಹಿಡಿದು, 'ನೀವು ಹೇಳುವ ಹಕ್ಕಿ ನಿಮ್ಮ ಗಣತಿಯಲ್ಲೇ ಇಲ್ಲವಲ್ಲ' ಎಂದರೆ? ಆ ದಿನ ಕಣ್ಣಿಗೆ ಬೀಳಲಿಲ್ಲ ಎಂಬುದು ಅಲ್ಲಿ ಇಲ್ಲವೇ ಇಲ್ಲ ಎಂದಾಗಿಬಿಡುತ್ತದೆ. 'ಹುಲಿ ಗಣತಿ'ಯ ಪಾಡೂ ಇದೇ. 2022ರ ಅಂದಾಜಿನಲ್ಲಿ ಭಾರತದ ಹುಲಿಗಳ ಸರಾಸರಿ 3,682, ಮೇಲ್ಮಿತಿ 3,925. ಗಣತಿ ಎಂದಾಕ್ಷಣ ಆ ಅಂತರ ಮಾಯವಾಗಿ ಒಂದೇ ಅಂಕಿ ನಿಲ್ಲುತ್ತದೆ. ಆದರೆ 'ಹುಲಿ ಗಣತಿ' ಎಂಬ ಪದ ಎಷ್ಟು ಬೇರೂರಿದೆಯೆಂದರೆ, ಕೀಳುವ ಆಸೆ ನನಗಿಲ್ಲ.

ಇನ್ನೊಂದು ತೊಡಕು. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಪಟ್ಟಿ ಸೇರಿಸುವಾಗ ಅದು 'ಕಂಪ್ಲೀಟ್' ಹೌದೇ ಎಂದು ಕೇಳುತ್ತದೆ. ಗುರುತು ಸಿಕ್ಕ ಹಕ್ಕಿಗಳಲ್ಲಿ ಯಾವುದನ್ನೂ, ಕಾಗೆಯನ್ನೂ ಸೇರಿಸಿ, ಬಿಟ್ಟಿಲ್ಲ ತಾನೇ ಎಂಬುದು ಅದರ ಇಂಗಿತ. 'ಪೂರ್ಣ ಪಟ್ಟಿ' ಎಂದರೆ ಅಲ್ಲಿರುವ ಹಕ್ಕಿಗಳೆಲ್ಲ ಬಂದವು ಎಂಬ ಅರ್ಥ ಬರುತ್ತದೆ. 'ಬಿಡದೆ ಬರೆದ ಪಟ್ಟಿ' ಎನ್ನೋಣವೆಂದರೆ ಉದ್ದವಾಯಿತು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?