ಸಹಾಯ ಬೇಕು: ಕಪ್ಪತಗುಡ್ಡದ ಬೆಂಕಿ ಹುಡುಕಾಕ ಕಡಿಮೆ ರೇಟಿನ ಥರ್ಮಲ್ ಕ್ಯಾಮೆರಾ

ನಮಸ್ಕಾರ್ರೀ ಎಲ್ಲಾರಿಗೂ. ನಾವು ಗದಗ ಜಿಲ್ಲೆ ಡಂಬಳ ಕಡೆ ನಾಲ್ಕೈದು ಹುಡುಗ್ರು. ಶಿವರಾತ್ರಿ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಹಪ್ಪಳ ಆಗಿರತೈತಿ, ಒಂದು ಬೀಡಿ ತುಂಡು ಸಾಕು. ಉಪಗ್ರಹದ ವಿಐಐಆರ್‌ಎಸ್ (ಬೆಂಕಿಯ ಬಿಸಿ ಗುರುತಿಸೋ ಉಪಕರಣ) ಮಾಹಿತಿ ಪುಕ್ಕಟೆ ಸಿಗತೈತಿ ಖರೆ, ಆದ್ರ ಅದರ ಒಂದು ಚುಕ್ಕಿ ಅಂದ್ರ 375 ಮೀಟರ್ ಅಗಲದ ನೆಲ. ಅಷ್ಟಗಲದಾಗ ಫಾರೆಸ್ಟ್ ಗಾರ್ಡ್ ಅಣ್ಣಾರು ಯಾವ ಸರುವಿನ್ಯಾಗ (ಕೊರಕಲಿನ್ಯಾಗ) ಇಳೀಬೇಕು?

ಅದಕ್ಕ ಡ್ರೋನಿಗೆ ಬಿಸಿ ಅಳೆಯೋ ಎಂಎಲ್‌ಎಕ್ಸ್90640 ಸೆನ್ಸರ್ ಕಟ್ಟಿ ನೋಡಿದ್ವಿ. 32×24 ಪಿಕ್ಸೆಲ್ ಅಷ್ಟ. 55 ಡಿಗ್ರಿ ಲೆನ್ಸಿನ್ಯಾಗ 50 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ಲಿಗೆ ಒಂದೂವರೆ ಮೀಟರ್ ನೆಲ ಬರತೈತಿ. ಸಣ್ಣ ಕೆಂಡ ಅದರಾಗ ಕರಗೇ ಹೋಗತೈತಿ. ಮಧ್ಯಾಹ್ನ ಅಂತೂ ಕಾದ ಬಂಡೆ ಎಲ್ಲಾ ಬೆಂಕಿನ! (ನಮ್ಮ ಮೊದಲನೇ "ಕಾಡ್ಗಿಚ್ಚು" ಒಂದು ತಗಡಿನ ಶೆಡ್ ಆಗಿತ್ತು.) ಈಗ ನಸುಕಿನ್ಯಾಗ ಅಷ್ಟ ಹಾರಸ್ತೀವಿ, ಅದೂ ನಮ್ಮ ಹೊಲದ ಮ್ಯಾಲೆ.

ಫ್ಲಿರ್ ಲೆಪ್ಟಾನ್ 3.5 ತಗೋಳೋಣು ಅಂತೀವಿ, ಅದು 160×120 ಪಿಕ್ಸೆಲ್ಲಿನ ಥರ್ಮಲ್ ಕ್ಯಾಮೆರಾ. ಹುಬ್ಬಳ್ಳಿ-ಧಾರವಾಡದಾಗ ಯಾರ ಹತ್ರಾದ್ರೂ ಹಳೇದು ಐತೇನ್ರೀ? ಎರಡು ದಿನ ಕಡ ಕೊಟ್ರೂ ಸಾಕು. ರಾಸ್‌ಬೆರಿ ಪೈ (ಅಂಗೈಯಷ್ಟ ಕಂಪ್ಯೂಟರ್) ಜೋಡಿ ಪ್ರತಿ ಚಿತ್ರಕ್ಕೂ ಜಿಪಿಎಸ್ ಕೂಡಿಸಿದವರು ಇದ್ರ ತಿಳಿಸ್ರಿ.

ಇನ್ನೊಂದು, ಕಪ್ಪತಗುಡ್ಡ ವನ್ಯಜೀವಿಧಾಮ. ಅರಣ್ಯ ಇಲಾಖೆ ಪರ್ಮಿಶನ್ ಇಲ್ದ ಅಲ್ಲಿ ಹಾರ್ಸೂದಿಲ್ಲ. ಅರ್ಜಿ ಬರದು ಗೊತ್ತಿದ್ದವರು ಇನ್‌ಬಾಕ್ಸಿಗೆ ಬರ್ರಿ.