ಹಮ್ತಾ ಪಾಸ್ ಚಾರಣಕ್ಕೆ ಸೋಲಾರ್ ಲಾಟೀನು ಬೇಕಾ, ಪವರ್ ಬ್ಯಾಂಕ್ ಸಾಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯ ವಾರ 4 ಜನ ಸೇರಿ ಹಿಮಾಚಲದ ಹಮ್ತಾ ಪಾಸ್‌ಗೆ ಹೋಗುವುದು ಅಂತ ಆಗಿದೆ. ಜೋಬ್ರಾದಲ್ಲಿ ಹತ್ತಿ ಛತ್ರುವಿನಲ್ಲಿ ಇಳಿಯುವುದು, 5 ರಾತ್ರಿ, 2 ಟೆಂಟು. ಪೋರ್ಟರ್ ಇಲ್ಲ, ಹೊರೆ ಪೂರ್ತಿ ನಮ್ಮ ಬೆನ್ನ ಮೇಲೆ. ದಾರಿಯಲ್ಲಿ ಕರೆಂಟ್ ಸಿಗುವುದಿಲ್ಲ.

ಟೆಂಟಿಗೊಂದರಂತೆ ಗಾಳಿ ಊದುವ ಸೋಲಾರ್ ಲಾಟೀನು ನೋಡಿದ್ದೇವೆ: 1000 ಮಿಲಿಆಂಪ್ ಅವರ್ ಬ್ಯಾಟರಿ, 75 ಲ್ಯೂಮೆನ್ (ಬೆಳಕಿನ ಅಳತೆ), 125 ಗ್ರಾಂ, ಯುಎಸ್‌ಬಿ ಚಾರ್ಜಿಂಗ್ ಕೂಡ ಇದೆ, 24 ಗಂಟೆ ಉರಿಯುತ್ತದೆ ಅಂತ ಡಬ್ಬದ ಮೇಲೆ ಬರೆದಿದೆ. ಜೊತೆಗೆ 10 ವ್ಯಾಟಿನ ಮಡಚುವ ಪ್ಯಾನಲ್ ತಗೊಂಡು ಬ್ಯಾಗಿಗೆ ಕಟ್ಟಿ ನಡೆಯುತ್ತಾ ಚಾರ್ಜ್ ಮಾಡಬಹುದು ಅಂತ ಒಬ್ಬರ ವಾದ. ಇನ್ನೊಬ್ಬರು ಇದ್ಯಾವುದೂ ಬೇಡ, ಒಂದು ಪವರ್ ಬ್ಯಾಂಕ್ ಸಾಕು ಅನ್ನುತ್ತಿದ್ದಾರೆ. ಹೆಡ್ ಟಾರ್ಚ್ ಎಲ್ಲರ ಹತ್ತಿರ ಇದೆ (ಯುಎಸ್‌ಬಿ ಚಾರ್ಜಿಂಗ್, ಒಳಗೆ 1000 ಮಿಲಿಆಂಪ್ ಅವರ್). ಯಾವುದು ಸರಿ? ಲೆಕ್ಕ ಸಮೇತ ಹೇಳಿದರೆ ಉಪಕಾರ.

ವ್ಯಾಟ್_ಲೆಕ್ಕ

ಲೆಕ್ಕದಿಂದಲೇ ಶುರು ಮಾಡೋಣ. ಮಿಲಿಆಂಪ್ ಅವರ್ ಬಿಟ್ಟು ವ್ಯಾಟ್ ಅವರ್‌ಗೆ ಬನ್ನಿ, ಆಗ ಎಲ್ಲ ಸಾಮಾನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ಲಿಥಿಯಂ ಬ್ಯಾಟರಿಯ ಸರಾಸರಿ ವೋಲ್ಟೇಜ್ 3.7. ನಿಮ್ಮ ಲಾಟೀನಿನ 1000 ಮಿಲಿಆಂಪ್ ಅವರ್, ಅಂದರೆ 1 ಆಂಪ್ ಅವರ್, ಅದನ್ನು 3.7ರಿಂದ ಗುಣಿಸಿದರೆ 3.7 ವ್ಯಾಟ್ ಅವರ್. ಸರ್ಕ್ಯೂಟಿನಲ್ಲಿ ಸೋರುವುದನ್ನು ಕಳೆದರೆ ಕೈಗೆ ಬರುವುದು ಸುಮಾರು 3.

ಈ ದರ್ಜೆಯ ಲಾಟೀನಿನ ಎಲ್‌ಇಡಿ 1 ವ್ಯಾಟಿಗೆ 80ರಿಂದ 100 ಲ್ಯೂಮೆನ್ ಕೊಡುತ್ತದೆ. 75 ಲ್ಯೂಮೆನ್‌ನಲ್ಲಿ ಉರಿಸಿದರೆ 0.8-0.9 ವ್ಯಾಟ್ ಎಳೆಯುತ್ತದೆ, ಅಂದರೆ ಮೂರೂವರೆ ಗಂಟೆಗೆ ಖಾಲಿ. ಡಬ್ಬದ ಮೇಲಿನ 24 ಗಂಟೆ ಸುಳ್ಳಲ್ಲ, ಅದು 10 ಲ್ಯೂಮೆನ್ ಆಸುಪಾಸಿನ ಅತಿ ಸಣ್ಣ ಬೆಳಕಿನ ಲೆಕ್ಕ. 75 ಲ್ಯೂಮೆನ್ನೂ 24 ಗಂಟೆಯೂ ಒಟ್ಟಿಗೆ ಸಿಗುವುದಿಲ್ಲ.

ನಿಮಗೆ ಬೇಕಾಗುವುದೆಷ್ಟು ಅಂತ ನೋಡಿ. ಟೆಂಟಿನೊಳಗೆ ಸಾಮಾನು ಹುಡುಕಲು 5-10 ಲ್ಯೂಮೆನ್ ಸಾಕು. ನಾಲ್ವರು ಕೂತು ಅಡುಗೆ ಮಾಡಿ ಉಣ್ಣಲು 20-40. ಕತ್ತಲಲ್ಲಿ ಕಲ್ಲುದಾರಿ ನಡೆಯಲು 100ರ ಮೇಲೆ ಬೇಕು, ಅದು ಹೆಡ್ ಟಾರ್ಚಿನ ಕೆಲಸ. ಲಾಟೀನು ಹಿಡಿದು ನಡೆದರೆ ಬೆಳಕು ಕಣ್ಣಿಗೇ ಹೊಡೆದು ಮುಂದಿನ ಹೆಜ್ಜೆ ಕಾಣುವುದಿಲ್ಲ.

ಹೆಡ್ ಟಾರ್ಚ್ ದಿನಕ್ಕೆ 2 ಗಂಟೆ, 50 ಲ್ಯೂಮೆನ್: 1.2 ವ್ಯಾಟ್ ಅವರ್. 4 ಜನ, 5 ರಾತ್ರಿಗೆ 24.
ಟೆಂಟಿನ ಲಾಟೀನು ದಿನಕ್ಕೆ 3 ಗಂಟೆ, 20 ಲ್ಯೂಮೆನ್: 0.75 ವ್ಯಾಟ್ ಅವರ್. 2 ಟೆಂಟು, 5 ರಾತ್ರಿಗೆ 7.5.

ಒಟ್ಟು 32 ಅಂದುಕೊಳ್ಳಿ. ಮನಾಲಿಯಲ್ಲಿ ಎಲ್ಲವನ್ನೂ ಪೂರ್ತಿ ಚಾರ್ಜ್ ಮಾಡಿ ಹೊರಟರೆ 4 ಟಾರ್ಚು, 2 ಲಾಟೀನು ಸೇರಿ 22 ವ್ಯಾಟ್ ಅವರ್ ಅವುಗಳ ಹೊಟ್ಟೆಯಲ್ಲೇ ಇರುತ್ತದೆ. ಕೊರತೆ 10, ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ 13. ಒಂದು 10,000 ಮಿಲಿಆಂಪ್ ಅವರ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್ ಅವರ್ ಇರುತ್ತದೆ, ಯುಎಸ್‌ಬಿ ಕಡೆಯಿಂದ ಹೊರಗೆ ಬರುವುದು 25ರಷ್ಟು. ಬೆಳಕಿಗೆ ಅದು ಧಾರಾಳ. ತೂಕ 200 ಗ್ರಾಂ ಚಿಲ್ಲರೆ. 10 ವ್ಯಾಟಿನ ಮಡಚುವ ಪ್ಯಾನಲ್ ಇದಕ್ಕಿಂತ ಭಾರ, ಅದಕ್ಕೂ ಒಂದು ಪವರ್ ಬ್ಯಾಂಕ್ ಜೊತೆಗೆ ಬೇಕೇ ಬೇಕು.

ಬ್ಯಾಟರಿ ತಿನ್ನುವುದು ಬೆಳಕಲ್ಲ, ಫೋನು. 5000 ಮಿಲಿಆಂಪ್ ಅವರ್ ಫೋನ್ ಒಂದು ಸಲ ತುಂಬಲು 19 ವ್ಯಾಟ್ ಅವರ್ ಬೇಕು. ಐದೂ ದಿನ ಎಲ್ಲರೂ ಫೋಟೊ ತೆಗೆಯುವುದಾದರೆ 20,000ದ್ದು ಒಂದು ಹಿಡಿದುಕೊಳ್ಳಿ. ಪ್ಯಾನಲ್ ಬೇಡ. ಅದು ಲಾಭಕ್ಕೆ ಬರುವುದು 8-10 ದಿನದ ಮೇಲಿನ ಚಾರಣಕ್ಕೆ, ಅಥವಾ ಒಂದೇ ಕಡೆ ಠಿಕಾಣಿ ಹೂಡಿ ಹಗಲೆಲ್ಲ ಕ್ಯಾಂಪಿನಲ್ಲಿರುವವರಿಗೆ.

ಸಹ್ಯಾದ್ರಿ_ಹೆಜ್ಜೆ

ಮೇಲಿನ ಲೆಕ್ಕ ಸರಿಯಾಗಿದೆ. ಬ್ಯಾಗಿಗೆ ಪ್ಯಾನಲ್ ಕಟ್ಟಿ ನಡೆಯುವ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಜನ ಅಲ್ಲೇ ಹಣ ಕಳೆದುಕೊಳ್ಳುತ್ತಾರೆ.

ಪ್ಯಾನಲ್ ಮೇಲೆ ಬರೆದ 10 ವ್ಯಾಟ್ ಅನ್ನುವುದು ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ನೇರವಾಗಿ ಬಿದ್ದಾಗ, ಸೆಲ್ 25 ಡಿಗ್ರಿ ಇರುವಾಗ ಅಳೆದದ್ದು. ನೆಲದ ಮೇಲೆ ಸರಿಯಾಗಿ ಹಾಸಿದರೂ 5-6 ವ್ಯಾಟ್ ಸಿಕ್ಕರೆ ಒಳ್ಳೆಯದು. ಬೆನ್ನಿಗೆ ಕಟ್ಟಿದ ಪ್ಯಾನಲ್ ನೆಟ್ಟಗೆ ನಿಂತಿರುತ್ತದೆ. ಜೂನ್ ಕೊನೆಗೆ ಅಲ್ಲಿ ಮಧ್ಯಾಹ್ನದ ಸೂರ್ಯ 80 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಬಿಸಿಲು ಪ್ಯಾನಲಿನ ಮೈ ಸವರಿಕೊಂಡು ಜಾರಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಮೇಲೆ ನಿಮ್ಮ ತಲೆಯ ನೆರಳು, ಟೋಪಿಯ ನೆರಳು. ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಸೆಲ್ ಪೂರ್ತಿ ನೆರಳಿಗೆ ಬಿದ್ದರೆ ಆ ಸಾಲಿನ ಕರೆಂಟೇ ಕಟ್ಟಿಹೋಗುತ್ತದೆ. ನಲ್ಲಿಯ ಪೈಪನ್ನು ಒಂದು ಕಡೆ ತುಳಿದ ಹಾಗೆ.

ಲಾಟೀನಿನ ಮುಚ್ಚಳದ ಪ್ಯಾನಲ್ ಅಂಗೈಯಗಲ ಇರುತ್ತದೆ. ಒಳ್ಳೆಯ ಬಿಸಿಲಿಗೆ ಬ್ಯಾಟರಿಗೆ ಇಳಿಯುವುದು ಅರ್ಧ ವ್ಯಾಟ್. ಖಾಲಿಯಾದದ್ದು ತುಂಬಲು 8-9 ಗಂಟೆ ನೇರ ಬಿಸಿಲು, ಅಂದರೆ ಮೋಡವಿಲ್ಲದ ಎರಡು ಹಗಲು. ಹಾಗಾಗಿ ಅದನ್ನು ಯುಎಸ್‌ಬಿಯಲ್ಲಿ ತುಂಬಿಕೊಂಡು ಹೋಗಿ. ಊಟಕ್ಕೆ ನಿಂತಾಗ, ಬೇಗ ಕ್ಯಾಂಪ್ ಮುಟ್ಟಿದಾಗ ಬಿಸಿಲಿಗಿಟ್ಟರೆ ಹಿಂದಿನ ರಾತ್ರಿ ಖರ್ಚಾದ 0.75 ವ್ಯಾಟ್ ಅವರ್ ವಾಪಸ್ ಬರಲು ಎರಡು ಗಂಟೆ ಸಾಕು. ಅಷ್ಟರ ಮಟ್ಟಿಗೆ ಸೋಲಾರ್ ನಿಜಕ್ಕೂ ಉಪಯೋಗ.

ಪ್ಯಾನಲ್ ಸರಿಯಾಗಿ ಸೂರ್ಯನತ್ತ ತಿರುಗಿದೆಯಾ ಅಂತ ನೋಡಲು ಅದರ ಮೇಲೆ ಒಂದು ಪೆನ್ನನ್ನು ನೆಟ್ಟಗೆ ನಿಲ್ಲಿಸಿ. ನೆರಳು ಯಾವ ಕಡೆಗೂ ಬೀಳದೆ ಬುಡದಲ್ಲೇ ಅಡಗುವವರೆಗೆ ಓರೆ ಮಾಡಿ. ಜೂನ್ ಮಧ್ಯಾಹ್ನ ಅಲ್ಲಿ ಚಪ್ಪಟೆ ಇಟ್ಟರೂ ನಡೆಯುತ್ತದೆ. ಡಿಸೆಂಬರಿನಲ್ಲಿ ನಮ್ಮ ಕಡೆ ಮಧ್ಯಾಹ್ನವೂ ದಕ್ಷಿಣಕ್ಕೆ 35 ಡಿಗ್ರಿ ಓರೆ ಬೇಕು.

ಚಳಿಯ ಬಗ್ಗೆ ಒಂದು ಮಾತು. ಪಾಸ್ ಸುಮಾರು 4,270 ಮೀಟರ್. ಶಿಯಾಗೋರು ಕ್ಯಾಂಪಿನಲ್ಲಿ ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯಬಹುದು. ಪ್ಯಾನಲಿಗೆ ಚಳಿ ಒಳ್ಳೆಯದೇ, ತಣ್ಣಗಿದ್ದಷ್ಟು ಹೆಚ್ಚು ಕೊಡುತ್ತದೆ. ಬ್ಯಾಟರಿಗೆ ಆಗದು. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಪದರ ಕಟ್ಟುತ್ತದೆ, ಆ ನಷ್ಟ ವಾಪಸ್ ಬರುವುದಿಲ್ಲ. ರಾತ್ರಿ ಲಾಟೀನು, ಟಾರ್ಚು, ಪವರ್ ಬ್ಯಾಂಕ್ ಎಲ್ಲ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಇರಲಿ. ಬೆಳಿಗ್ಗೆ ಹಿಮ ಹಿಡಿದ ಲಾಟೀನನ್ನು ಸೀದಾ ಬಿಸಿಲಿಗೆ ಇಡಬೇಡಿ, ಕೈಯಲ್ಲಿ ಹಿಡಿದರೆ ತಣ್ಣಗೆ ಕೊರೆಯದಷ್ಟು ಬೆಚ್ಚಗಾಗಲಿ. ಅಲ್ಲಿ ಕಣಿವೆ ಇಕ್ಕಟ್ಟು, ಬಿಸಿಲು ಕ್ಯಾಂಪಿಗೆ ಇಳಿಯುವುದೇ ತಡ, ಹಾಗಾಗಿ ಅವಸರವೂ ಇಲ್ಲ.

ಮನಾಲಿ ಕಡೆಯ ಇಳಿಜಾರಿನಲ್ಲಿ ಆ ಹೊತ್ತಿಗೆ ಮೋಡ, ಮಳೆ ಶುರುವಾಗಿರಬಹುದು. ಪಾಸ್ ದಾಟಿದ ಮೇಲೆ ಲಾಹೌಲ್ ಕಡೆ ಮಳೆನೆರಳಿನ ಪ್ರದೇಶ, ಬಿಸಿಲು ಚೆನ್ನಾಗಿ ಸಿಗುತ್ತದೆ. ಸೋಲಾರ್ ನಂಬುವುದಾದರೆ ಕೊನೆಯ ಎರಡು ದಿನಕ್ಕೆ ಮಾತ್ರ ನಂಬಿ.

ತುಂಗಾತೀರ

ಇಬ್ಬರಿಗೂ ಧನ್ಯವಾದ, ಪ್ಯಾನಲ್ ಆಸೆ ಬಿಟ್ಟೆವು. ಇನ್ನೊಂದು ಪ್ರಶ್ನೆ. ಗುಂಪಿನಲ್ಲಿ ಒಬ್ಬರ ಬಳಿ ಇದೇ ಥರದ ಹಳೆಯ ಲಾಟೀನು ಇದೆ. ಒಂದೂವರೆ ವರ್ಷ ಅಟ್ಟದ ಮೇಲಿತ್ತು. ಈಗ ದಿನವಿಡೀ ಬಿಸಿಲಿಗಿಟ್ಟರೂ 20 ನಿಮಿಷಕ್ಕೆ ಆರಿಹೋಗುತ್ತದೆ. ಪ್ಯಾನಲ್ ಹೋಗಿದೆಯೋ ಬ್ಯಾಟರಿಯೋ? ರಿಪೇರಿ ಮಾಡಿ ಒಯ್ಯಬಹುದಾ, ಹೊಸದೇ ತಗೊಳ್ಳಬೇಕಾ?

ಬೆಸುಗೆ_ಕಡ್ಡಿ

ಬಿಚ್ಚುವ ಮೊದಲು ಹೊರಗಿನಿಂದಲೇ ಅರ್ಧ ಉತ್ತರ ಸಿಗುತ್ತದೆ. ನಡುವೆ ಒಂದು ಯುಎಸ್‌ಬಿ ಮೀಟರ್ ಹಾಕಿ ಚಾರ್ಜರಿನಿಂದ ಪೂರ್ತಿ ತುಂಬಿಸಿ. 1000ದ ಬ್ಯಾಟರಿಗೆ 200-300 ಮಿಲಿಆಂಪ್ ಅವರ್ ಇಳಿಯುವಷ್ಟರಲ್ಲಿ ಫುಲ್ ಅಂತ ತೋರಿಸಿದರೆ ಬ್ಯಾಟರಿ ಸತ್ತಿದೆ. ಯುಎಸ್‌ಬಿಯಲ್ಲಿ ತುಂಬಿದಾಗ ಗಂಟೆಗಟ್ಟಲೆ ಉರಿದು, ಬಿಸಿಲಲ್ಲಿ ಮಾತ್ರ ತುಂಬದಿದ್ದರೆ ತೊಂದರೆ ಪ್ಯಾನಲ್ ಕಡೆ.

ಪ್ಯಾನಲ್ ನೋಡುವುದು ಹೀಗೆ. ಮುಚ್ಚಳ ಬಿಚ್ಚಿ ಪ್ಯಾನಲಿನ ಒಂದು ವೈರ್ ಬೋರ್ಡಿನಿಂದ ಬಿಡಿಸಿ. ಮಧ್ಯಾಹ್ನದ ಬಿಸಿಲಲ್ಲಿ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅಳೆಯಿರಿ. 5.5 ವೋಲ್ಟ್ ಪ್ಯಾನಲ್ ಆದರೆ 6ರ ಮೇಲೆ ತೋರಿಸಬೇಕು. ಆಮೇಲೆ ಮೀಟರನ್ನು ಆಂಪಿಗೆ ತಿರುಗಿಸಿ (ಕೆಂಪು ಕಡ್ಡಿಯ ತೂತೂ ಬದಲಿಸಿ) ಎರಡು ತುದಿಗೆ ನೇರ ಮುಟ್ಟಿಸಿ. ಸಣ್ಣ ಪ್ಯಾನಲಿಗೆ ಶಾರ್ಟ್‌ನಿಂದ ಹಾನಿಯಿಲ್ಲ, ಬ್ಯಾಟರಿಗೆ ಮಾತ್ರ ಹೀಗೆ ಎಂದೂ ಮಾಡಬೇಡಿ. 1 ವ್ಯಾಟಿನದಾದರೆ 150-180 ಮಿಲಿಆಂಪ್ ಬರಬೇಕು. ವೋಲ್ಟೇಜ್ ಸರಿಯಿದ್ದು ಕರೆಂಟ್ 30-40 ಮಾತ್ರ ಬಂದರೆ ಮೇಲಿನ ರಾಳದ ಪದರ ಬಿಸಿಲಿಗೆ ಮಂಜಾಗಿದೆ ಅಥವಾ ಸೆಲ್ ಬಿರುಕು ಬಿಟ್ಟಿದೆ. ಮಂಜಾಗಿದ್ದರೆ 1000, ಆಮೇಲೆ 2000 ನಂಬರ್ ಮರಳುಕಾಗದವನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಒಣಗಿದ ಮೇಲೆ ತೆಳುವಾಗಿ ಬಣ್ಣವಿಲ್ಲದ ವಾರ್ನಿಷ್ ಹೊಡೆಯಿರಿ. ಎರಡೂ ಸೊನ್ನೆ ತೋರಿಸಿದರೆ ವೈರ್ ಕಿತ್ತಿದೆ, ಅದು ಬೆಸುಗೆಯ ಕೆಲಸ ಅಷ್ಟೇ.

ನಿಮ್ಮ ವಿವರಣೆ ನೋಡಿದರೆ ಬ್ಯಾಟರಿಯೇ ಇರಬೇಕು. ಒಂದೂವರೆ ವರ್ಷದಲ್ಲಿ ತಾನಾಗಿಯೇ ಸೋರಿ 2.5 ವೋಲ್ಟಿಗಿಂತ ಕೆಳಗಿಳಿದಿರುತ್ತದೆ. ಅಷ್ಟು ಕೆಳಗೆ ಬಹಳ ಕಾಲ ಕೂತರೆ ಒಳಗಿನ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೊಳಗೇ ಶಾರ್ಟ್ ಆಗಬಹುದು. ಅಂಥದ್ದನ್ನು ಎಬ್ಬಿಸುವ ಪ್ರಯತ್ನ ಬೇಡ. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬದಲಿಸುವುದಾದರೆ ಹಳೆಯದರ ಮೇಲಿನ ನಂಬರ್ ಓದಿಕೊಳ್ಳಿ. 103450 ಅಂತಿದ್ದರೆ 10 ಮಿಲಿಮೀಟರ್ ದಪ್ಪ, 34 ಅಗಲ, 50 ಉದ್ದ. ಅದೇ ಅಳತೆಯದ್ದು, ತಲೆಯ ಹತ್ತಿರ ಹಳದಿ ಟೇಪಿನಡಿ ರಕ್ಷಣೆಯ ಪುಟ್ಟ ಬೋರ್ಡ್ ಇರುವುದನ್ನೇ ಕೇಳಿ ತನ್ನಿ. ಹಳೆಯ ವೈರ್ ತೆಗೆಯುವಾಗ ಕೆಂಪು, ಕಪ್ಪು ಎರಡನ್ನೂ ಒಂದೇ ಕತ್ತರಿಗೆ ಸಿಕ್ಕಿಸಬೇಡಿ. ಕತ್ತರಿಯ ಬಾಯಿಯಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೊದಲು ಕಪ್ಪು ಕತ್ತರಿಸಿ ತುದಿಗೆ ಟೇಪ್ ಸುತ್ತಿ, ಆಮೇಲೆ ಕೆಂಪು. ಜೋಡಿಸುವಾಗಲೂ ಒಂದೊಂದೇ.

ಬಿಚ್ಚಿದ ಲಾಟೀನಿನ ಐಪಿ 67 (ಧೂಳು, ನೀರು ಒಳಗೆ ಹೋಗುವುದಿಲ್ಲ ಅನ್ನುವ ದರ್ಜೆ) ಅಲ್ಲಿಗೇ ಮುಗಿಯಿತು. ಅಂಚಿಗೆ ಸಿಲಿಕೋನ್ ಹಾಕುವಾಗ ವಿನೆಗರ್ ವಾಸನೆ ಬರುವುದನ್ನು ಹಾಕಬೇಡಿ, ಆ ಆಮ್ಲ ಒಳಗಿನ ತಾಮ್ರವನ್ನು ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ. 24 ಗಂಟೆ ಒಣಗಿಸಿ. ಮುಚ್ಚುವ ಮೊದಲು ಒಳಗೊಂದು ಚೂರು ಟಿಶ್ಯೂ ಕಾಗದ ಕಾಣುವ ಹಾಗೆ ಇಟ್ಟಿರಿ. ಬಕೆಟ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ ತೆಗೆದಾಗ ಕಾಗದ ಒದ್ದೆಯಾಗಿದ್ದರೆ ಮತ್ತೆ ಬಿಚ್ಚಬೇಕು. ಜೂನ್ ಕೊನೆಗೆ ಇನ್ನೂ ಸಮಯವಿದ್ದರೆ ಮಾಡಿ, ಇಲ್ಲದಿದ್ದರೆ ಈ ಚಾರಣಕ್ಕೆ ಹೊಸದನ್ನೇ ಒಯ್ಯಿರಿ. ರಿಪೇರಿಯಾದದ್ದು ಮನೆಯಲ್ಲಿ ಕರೆಂಟ್ ಹೋದಾಗ ಬೇಕಾಗುತ್ತದೆ.

ಇನ್ನು ಮುಂದೆ ಎತ್ತಿಡುವಾಗ ಅರ್ಧ ಚಾರ್ಜಿನಲ್ಲಿಡಿ, 3 ತಿಂಗಳಿಗೊಮ್ಮೆ ಒಂದು ಗಂಟೆ ಯುಎಸ್‌ಬಿಗೆ ಹಾಕಿ. ಹೆಂಚಿನಡಿಯ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಅಲ್ಲಿ ಬೇಡ. ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಕೆಟ್ಟದು.

ಕಾಫಿಸೀಮೆ

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ, ಬಿಟ್ಟುಹೋದದ್ದು ಒಂದೆರಡು. ಗಾಳಿ ಊದುವ ಲಾಟೀನಿನ ಬಟನ್ ಬ್ಯಾಗಿನೊಳಗೆ ಒತ್ತಿಕೊಂಡು ಹಗಲೆಲ್ಲ ಉರಿಯುವುದು ಸಾಮಾನ್ಯ. ಬಟನ್ ಮೇಲೆ ಬಾಟಲಿ ಮುಚ್ಚಳ ಕವುಚಿ ಟೇಪ್ ಅಂಟಿಸಿ. ಬಾಯಿಂದ ಊದಿದರೆ ಒಳಗೆ ಹಬೆ ಕೂತು ಬೆಳಕು ಮಬ್ಬಾಗುತ್ತದೆ, ಬೆಳಿಗ್ಗೆ ಗಾಳಿ ಬಿಟ್ಟು ಬಾಯಿ ತೆರೆದಿಡಿ. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಆಗ ಮಡಚಿದರೆ ಮಡಿಕೆಯಲ್ಲೇ ಸೀಳುತ್ತದೆ.

ಪವರ್ ಬ್ಯಾಂಕಿನ ಒಂದು ಸ್ವಭಾವ ಗೊತ್ತಿರಲಿ. ಲಾಟೀನು ಬಹಳ ಕಡಿಮೆ ಕರೆಂಟ್ ಎಳೆದರೆ, ಏನೂ ಜೋಡಿಸಿಲ್ಲ ಅಂತ ತಿಳಿದು ಬ್ಯಾಂಕು ತಾನೇ ಆಫ್ ಆಗುತ್ತದೆ. ರಾತ್ರಿ ಹಾಕಿಟ್ಟದ್ದು ಬೆಳಿಗ್ಗೆ ನೋಡಿದರೆ ತುಂಬಿಯೇ ಇರುವುದಿಲ್ಲ. ಕೆಲವು ಬ್ಯಾಂಕುಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಸ್ಥಿತಿಗೆ ಬರುತ್ತದೆ. ಇಲ್ಲದಿದ್ದರೆ ಲಾಟೀನಿನ ಜೊತೆ ಇನ್ನೊಂದು ಪೋರ್ಟಿಗೆ ಹೆಡ್ ಟಾರ್ಚನ್ನೂ ಸಿಕ್ಕಿಸಿ. ಇದನ್ನು ಮನೆಯಲ್ಲೇ ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿ.

ಇದೇ ಲಾಟೀನನ್ನು ಮಳೆಗಾಲದಲ್ಲಿ ಮಲೆನಾಡಿಗೆ ತರುವ ಯೋಚನೆಯಿದ್ದರೆ ಸೋಲಾರ್ ಅನ್ನುವುದನ್ನು ಮರೆತುಬಿಡಿ. ದಟ್ಟ ಮೋಡದಡಿ ಹತ್ತರಲ್ಲೊಂದು ಪಾಲು ಬಂದರೆ ಹೆಚ್ಚು, ಮರದ ಕೆಳಗೆ ಅದೂ ಇಲ್ಲ. ಕೊಳ್ಳುವಾಗ ಬಿಳಿ ಬೆಳಕಿಗಿಂತ ಹಳದಿ ಛಾಯೆಯದ್ದು ನೋಡಿ, ಹುಳು ಕಡಿಮೆ ಮುತ್ತುತ್ತವೆ.

ತುಂಗಾತೀರ

ಹಳದಿ ಬೆಳಕಿನದ್ದೇ 2 ಲಾಟೀನು, 20,000ದ ಒಂದು ಪವರ್ ಬ್ಯಾಂಕ್ ಅಂತ ತೀರ್ಮಾನ ಮಾಡಿದೆವು. ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವುದು, ಇವನ್ನು ಚೆಕ್-ಇನ್ ಬ್ಯಾಗಿಗೆ ಹಾಕಬಹುದಾ?

ವ್ಯಾಟ್_ಲೆಕ್ಕ

ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್‌ವರೆಗೆ ಅಡ್ಡಿಯಿಲ್ಲ, ನಿಮ್ಮದು 74. ಮೈಮೇಲೆ ಸಾಮರ್ಥ್ಯ ಅಚ್ಚಾಗಿರುವುದನ್ನೇ ತಗೊಳ್ಳಿ, ಅಕ್ಷರ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತಡೆಯಬಹುದು. ಲಾಟೀನು, ಹೆಡ್ ಟಾರ್ಚುಗಳನ್ನೂ ಅದರ ಜೊತೆಗೇ ಇಟ್ಟುಕೊಳ್ಳಿ, ಬಟನ್ ಮೇಲೆ ಟೇಪ್ ಹಾಕಿ.